ಬಿಜಲಿಯ ಮೊಣಕಾಲು

ಮೊನ್ನೆ ಬಲ್ಬು ಕೊಳ್ಳಲೆಂದು ನಮ್ಮ ಓಣಿಯ ಮೂಲೆಯ ಅಂಗಡಿಗೆ ಹೋಗಿದ್ದೆ. ಅಂಗಡಿಯವ ಒಳಗೆ ಹುಡುಕುತ್ತಿದ್ದಾಗ ನನ್ನ ಕಣ್ಣು ಮೊಳೆಗೆ ತೂಗುಹಾಕಿದ್ದ ನೈಲಾನ್ ದಾರದ ಸುರುಳಿಗಳ ಮೇಲೆ ಬಿತ್ತು. ಮೀನು ಹಿಡಿಯುವವರು ಕೊಳ್ಳುವ ದಾರ. ತೆಳುವಾದದ್ದು, ಮಧ್ಯಮದ್ದು, ಕೊನೆಗೆ ದೊಡ್ಡ ಮೀನಿಗೆ ಬೇಕಾಗುವ ದಪ್ಪನೆಯದು. ಆ ದಪ್ಪನೆಯದನ್ನು ಕೈಗೆ ತೆಗೆದುಕೊಂಡು ಎರಡು ಬೆರಳ ನಡುವೆ ಹೊಸೆದು ನೋಡಿದೆ. ಎಷ್ಟು ಹೊತ್ತು ಹಾಗೆ ನಿಂತಿದ್ದೆನೋ ತಿಳಿಯದು. "ಎಷ್ಟು ಮೀಟರ್ ಕೊಡಲಿ ಅಜ್ಜಿ?" ಎಂದು ಅಂಗಡಿಯವ ಕೇಳಿದಾಗ ನಾಚಿಕೆಯಾಯಿತು. ಎಪ್ಪತ್ತಾರು ದಾಟಿದ, ಮೀನು ಮುಟ್ಟದ ಮನೆಯ ಹೆಂಗಸು ಗಾಳದ ದಾರ ಸವರುತ್ತ ನಿಂತರೆ ಅವನಾದರೂ ಏನೆಂದುಕೊಳ್ಳಬೇಕು? "ಬರೇ ನೋಡಾಕತ್ತಿದ್ದೆಪಾ" ಎಂದು ಹೇಳಿ ಬಲ್ಬನ್ನೂ ಮರೆತು ಮನೆಗೆ ಬಂದೆ.

ನಿಮಗೆ ನಾಯಿಗಳ ಕಥೆ ಕೇಳುವ ತಾಳ್ಮೆ ಇದೆಯೋ ಇಲ್ಲವೋ ನಾನರಿಯೆ. ನನಗೂ ಇರಲಿಲ್ಲ. ಧಾರವಾಡದ ನಮ್ಮ ಮನೆಯಲ್ಲಿ ನಾಯಿ ಎಂದರೆ ಬೀದಿಯಲ್ಲಿ ಇರುವಂಥದು, ಅಷ್ಟೆ. ಎಪ್ಪತ್ತರ ದಶಕದಲ್ಲಿ ಹುಮನಾಬಾದಿನ ಹೈಸ್ಕೂಲಿಗೆ ವಿಜ್ಞಾನದ ಶಿಕ್ಷಕಿಯಾಗಿ ಹೋದಾಗ ನನಗೆ ಮೂವತ್ತು ದಾಟಿತ್ತು. ಅಪ್ಪ ತೀರಿಕೊಂಡ ಮೇಲೆ ನನ್ನ ಮದುವೆಯ ಮಾತು ಮನೆಯಲ್ಲಿ ಮೆಲ್ಲಗೆ ದನಿ ತಗ್ಗಿಸುತ್ತ ಬಂದು, ಯಾರಿಗೂ ಹೇಳದೆ ಎದ್ದುಹೋಗಿತ್ತು. ಇದ್ದ ಒಬ್ಬ ಅಣ್ಣ ಹುಬ್ಬಳ್ಳಿಯಲ್ಲಿ. ನಾನು ಕೆಲಸ ಸಿಕ್ಕ ಊರಿನಲ್ಲಿ. ಹುಮನಾಬಾದಿನಲ್ಲಿ ನನಗೆ ಸಿಕ್ಕಿದ್ದು ದನದ ದವಾಖಾನೆಯ ಹಿಂದಿನ ಒಂದು ಕೋಣೆ. ಬೆಳಿಗ್ಗೆ ಎದ್ದರೆ ಎಮ್ಮೆಗಳ ಕೂಗು, ಸಂಜೆ ಬಂದರೆ ಫಿನೈಲಿನ ವಾಸನೆ.

ಆ ದವಾಖಾನೆಯ ಡಾಕ್ಟರ್ ರೇವಣಪ್ಪ ನನಗಿಂತ ನಾಲ್ಕೈದು ವರ್ಷ ದೊಡ್ಡವರು. ಹೆಗಲ ಮೇಲೊಂದು ಟವೆಲ್, ಕಾಲಲ್ಲಿ ರಬ್ಬರ್ ಬೂಟು. ಔಷಧಿಯ ಖಾಲಿ ಪೆಟ್ಟಿಗೆಗಳ ಹಿಂದೆ ಒಂದು ಬೀದಿನಾಯಿ ಮರಿ ಹಾಕಿತ್ತು. ಒಂದು ದಿನ ಅವರು ನನ್ನನ್ನು ಕರೆದು, "ಬಾಯೋರೆ, ಒಂದ್ ಮರಿ ಒಯ್ರಿ. ನಿಮ್ಮ ಕ್ವಾಣ್ಯಾಗ ದಿನಾ ರೇಡಿಯೋ ಒಂದೇ ಮಾತಾಡ್ತದ, ಕೇಳಾಕತ್ತೇನಿ" ಎಂದರು. ಬೇಡವೆಂದೆ. ಮೂರು ದಿನ ಬೇಡವೆಂದು, ನಾಲ್ಕನೆಯ ದಿನ ಜೋಳದ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿಕೊಂಡು ನಾನೇ ಹೋದೆ. ಕಂದು ಮೈಯ, ಉದ್ದ ಕಾಲಿನ ಹೆಣ್ಣುಮರಿ. ಬೆಳೆದ ಮೇಲೆ ಅದು ಓಡುವುದನ್ನು ಕಂಡ ನನ್ನ ವಿದ್ಯಾರ್ಥಿನಿಯರು ಬಿಜಲಿ ಎಂದು ಹೆಸರಿಟ್ಟರು. ನಿಜಕ್ಕೂ ಮಿಂಚೇ. ಕಂಡಿತು ಎನ್ನುವಷ್ಟರಲ್ಲಿ ಇನ್ನೆಲ್ಲೋ ಇರುತ್ತಿತ್ತು.

ಬಸವಕಲ್ಯಾಣಕ್ಕೆ ವರ್ಗವಾದಾಗ ನನ್ನ ಸಾಮಾನೆಂದರೆ ಎರಡು ಟ್ರಂಕು, ಒಂದು ಸ್ಟೋವು, ಬಿಜಲಿ. ನಾಯಿ ಇದೆ ಎಂದೊಡನೆ ಬಾಡಿಗೆ ಮನೆಗಳೆಲ್ಲ ಇದ್ದಕ್ಕಿದ್ದಂತೆ ತುಂಬಿಹೋದವು. ಕೊನೆಗೆ ಕೋಣೆ ಕೊಟ್ಟವರು ಹಮೀದಾ ಖಾಲಾ, ಓಣಿಗೆಲ್ಲ ಚಿಕ್ಕಮ್ಮನಂತಿದ್ದವರು. ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು. ಹಳೆಯ ಕಲ್ಲಿನ ಮನೆಯಲ್ಲಿ ಕೆಳಗೆ ಅವರೊಬ್ಬರೇ ಇದ್ದರು. ಮೇಲಿನ ಮಾಳಿಗೆ ಕೋಣೆ ನನ್ನದು. ಅಂಗಳದ ಹೊರಗಿನಿಂದಲೇ ಅದಕ್ಕೆ ಹದಿನಾಲ್ಕು ಕಲ್ಲಿನ ಮೆಟ್ಟಿಲು. ಖಾಲಾ ಒಂದೇ ಮಾತು ಹೇಳಿದರು: "ನೋಡ್ ಬೇಟಿ, ನಿನ್ನ ನಾಯಿ ಮ್ಯಾಲ ಇರ್ಲಿ, ಓಣ್ಯಾಗ ಇರ್ಲಿ. ನನ್ನ ಹೊಸ್ತಿಲ ದಾಟಬಾರ್ದು. ನಾಯಿ ಇದ್ದ ಮನಿಗಿ ಫರಿಶ್ತೆ ಬರೂದಿಲ್ಲ." ದೇವದೂತರು ಬರುವ ದಾರಿಗೆ ಅಡ್ಡ ಬರಬಾರದೆಂದು ನಾನೂ ಒಪ್ಪಿದೆ. ಬಿಜಲಿಯೂ ಒಪ್ಪಿದಂತೆ ತೋರಿತು. ಹೊಸ್ತಿಲಿನ ಈಚೆಗೆ ಮೂತಿಯಿಟ್ಟು ಮಲಗುತ್ತಿತ್ತು. ಆಚೆಯಿಂದ ಖಾಲಾ ತುಂಡು ರೊಟ್ಟಿ ಎಸೆಯುವುದನ್ನು ನಾನು ಕಂಡೂ ಕಾಣದಂತೆ ಮೆಟ್ಟಿಲೇರುತ್ತಿದ್ದೆ.

ಹೀಗೆ ನಾಲ್ಕು ವರ್ಷ ಕಳೆದವು. ಆ ವರ್ಷಗಳ ಬಗ್ಗೆ ಹೇಳಲು ಹೆಚ್ಚೇನಿಲ್ಲ. ಶಾಲೆಯಲ್ಲಿ ದಿನವಿಡೀ ಮಾತು, ಸಂಜೆ ಗೇಟು ದಾಟಿದ ಮೇಲೆ ಮರುದಿನದ ಪ್ರಾರ್ಥನೆಯ ತನಕ ಮಾತಿಲ್ಲ. ಭಾನುವಾರಗಳು ಉದ್ದವಾಗಿರುತ್ತಿದ್ದವು. ನನಗೊಂದು ರೊಟ್ಟಿ, ಬಿಜಲಿಗೆರಡು ತಟ್ಟಿಕೊಂಡು, ಉತ್ತರ ಪತ್ರಿಕೆಗಳಲ್ಲಿನ ತಮಾಷೆಯ ಉತ್ತರಗಳನ್ನು ಅದಕ್ಕೆ ಓದಿ ಹೇಳುತ್ತಿದ್ದೆ. ಕೇಳುತ್ತಿದೆ ಎಂಬುದಕ್ಕೆ ಅದು ಒಂದು ಕಿವಿ ಅಲುಗಿಸುತ್ತಿತ್ತು. ನನಗೆ ಅಷ್ಟು ಸಾಕಾಗುತ್ತಿತ್ತು. ಸಾಕಾಗುತ್ತಿತ್ತು ಎಂದು ಆಗ ತಿಳಿದಿದ್ದೆ.

ಬೆಳಗಿನ ಹೊತ್ತು ತ್ರಿಪುರಾಂತ ಕೆರೆಯ ದಂಡೆಗುಂಟ ನಾವಿಬ್ಬರೂ ತಿರುಗಾಡಲು ಹೋಗುತ್ತಿದ್ದೆವು. ಅದು ಬೇಸಿಗೆ ಕಾಲಿಡುತ್ತಿದ್ದ ಸಮಯ. ಕಡಲೆ ಕಿತ್ತ ಹೊಲಗಳ ಕರಿಮಣ್ಣು ಅಂಗೈ ಅಗಲ ಬಿರುಕು ಬಿಟ್ಟಿತ್ತು. ಒಂದು ಬೆಳಿಗ್ಗೆ ಪೊದೆಯಿಂದ ಮೊಲವೊಂದು ಎದ್ದಿತು. ಬಿಜಲಿ ಹಾರಿತು. ಮೊಲ ಎಡಕ್ಕೆ ತಿರುಗಿತು, ಬಿಜಲಿಯೂ ತಿರುಗಿತು. ಆದರೆ ಅದರ ಬಲಗಡೆಯ ಹಿಂಗಾಲು ಬಿರುಕಿನಲ್ಲಿ ಸಿಕ್ಕಿ ಹಿಂದೆಯೇ ಉಳಿಯಿತು. ಒಂದೇ ಒಂದು ಕೂಗು. ಆಮೇಲೆ ಅದು ಮೂರು ಕಾಲಿನ ಮೇಲೆ ನಿಂತು, ಮೊಲ ಹೋದ ದಿಕ್ಕನ್ನೂ ನನ್ನನ್ನೂ ತಿರುತಿರುಗಿ ನೋಡಿತು. ನೋವಿಗಿಂತ ಹೆಚ್ಚಾಗಿ ಬೆರಗು ಅದರ ಮುಖದಲ್ಲಿತ್ತು.

ಹೊತ್ತುಕೊಂಡು ಬಂದೆ. ಉಳುಕಿರಬೇಕೆಂದು ಅರಿಸಿನ, ಉಪ್ಪು, ಬಿಸಿನೀರಿನ ಕಾವು. ವಾರವಾದರೂ ಕಾಲು ನೆಲಕ್ಕೆ ತಾಗಲಿಲ್ಲ. ಎಲ್ಲರೂ ಹುಲಸೂರಿನ ತುಕಾರಾಮ ಕಾಕಾನ ಹೆಸರು ಹೇಳಿದರು. ಎತ್ತು, ಮನುಷ್ಯ, ಯಾರ ಎಲುಬು ಮುರಿದರೂ ಬಿದಿರಿನ ದಬ್ಬೆ ಕಟ್ಟಿ ಕೂಡಿಸುವ ಮುದುಕ. ಶನಿವಾರ ಸಂತೆಗೆ ಬಂದವರನ್ನು ಕರೆದುಕೊಂಡು ಬಂದೆ. ಅವರು ಕಣ್ಣು ಮುಚ್ಚಿ ಬಿಜಲಿಯ ಮೊಣಕಾಲನ್ನು ಬಹಳ ಹೊತ್ತು ಸವರಿದರು. ದಬ್ಬೆ ಕಟ್ಟುತ್ತಾರೆಂದು ಅರಿವೆಯ ಪಟ್ಟಿ ಹಿಡಿದು ನಿಂತಿದ್ದೆ. ಅವರು ಕೈ ತೆಗೆದರು.

"ಎಲುಬು ಗಟ್ಟಿ ಅದ ಬಾಯಿ. ಒಳಗ ಏನೋ ಹರದದ. ಇದು ನನ್ನ ಕೈಲಿ ಆಗೂ ಕೆಲಸ ಅಲ್ಲ. ಕಟ್ಟಿದ್ರ ಕಟ್ಟಬೌದು, ಖರೇ ಅದು ಸುಳ್ಳ ಕಟ್ಟಿದಂಗ ಆಗ್ತದ. ಡಾಕ್ಟರ್ ಕಡೆ ಹೋಗ್ರಿ."

ನನಗೆ ತಿಳಿಯದು ಎಂದು ಅಷ್ಟು ನೇರವಾಗಿ ಹೇಳಿದವರನ್ನು ನಾನು ನನ್ನ ಸ್ಟಾಫ್ ರೂಮಿನಲ್ಲೂ ಕಂಡಿರಲಿಲ್ಲ.

ಭಾನುವಾರ ಹುಮನಾಬಾದಿಗೆ ಹೊರಟೆ. ನಾಯಿಯನ್ನು ಕಂಡು ಕಂಡಕ್ಟರ್ ಬಾಗಿಲಿಗೆ ಅಡ್ಡ ನಿಂತ. ಕೊನೆಗೆ ಗೋಣಿಚೀಲದಲ್ಲಿ ಕುತ್ತಿಗೆಯವರೆಗೆ ಕೂಡಿಸಿಕೊಂಡು, ಹಿಂದಿನ ಸೀಟಿನಲ್ಲಿ, ಒಂದು ಕೂಗು ಬಂದರೂ ಇಳಿಯಬೇಕು ಎಂಬ ಕರಾರಿನ ಮೇಲೆ ಹತ್ತಿದೆವು. ಬಿಜಲಿ ಒಂದು ಸದ್ದೂ ಮಾಡಲಿಲ್ಲ. ರಸ್ತೆಯ ಗುಂಡಿಗಳಿಗೆಲ್ಲ ಬಾಯಲ್ಲಿ ಸದ್ದು ಮಾಡಿದ್ದು ನಾನು.

ಡಾಕ್ಟರ್ ರೇವಣಪ್ಪ ಅದನ್ನು ಬೆಂಚಿನ ಮೇಲೆ ಮಲಗಿಸಿ, ಒಂದು ಕೈಯಲ್ಲಿ ತೊಡೆಯ ಎಲುಬನ್ನೂ ಇನ್ನೊಂದರಲ್ಲಿ ಕೆಳಗಿನ ಎಲುಬನ್ನೂ ಹಿಡಿದು ಮೆಲ್ಲಗೆ ಮುಂದಕ್ಕೆ ತಳ್ಳಿದರು. ಕೆಳಗಿನ ಎಲುಬು ಜಾರಿ ಮುಂದೆ ಬಂತು.

"ನೋಡ್ರಿ ಬಾಯೋರೆ, ಮೇಜಿನ ಡ್ರಾವರ್ ಎಳದಂಗ ಹ್ಯಾಂಗ ಬರಾಕತ್ತದ. ಮೊಳಕಾಲಾಗ ಎರಡ್ ಲಿಗಮೆಂಟ್ ಹಿಂಗ ಒಂದರ ಮ್ಯಾಲ ಒಂದು ಕತ್ರಿ ಹಾಕಿರ್ತಾವ. ಅದರಾಗ ಮುಂದಿಂದು ಹರದದ."

ನನಗೆ ಆದದ್ದು ಅವಮಾನ. ಏಳೆಂಟು ವರ್ಷ ನಾನು ಕರಿಹಲಗೆಯ ಮೇಲೆ ಮೊಣಕಾಲಿನ ಚಿತ್ರ ಬರೆದು "ಇದು ಬಿಜಾಗರಿ ಕೀಲು, ಬಾಗಿಲಿನಂತೆ ತೆರೆಯುತ್ತದೆ, ಮುಚ್ಚುತ್ತದೆ" ಎಂದು ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದೆ. ಎಲುಬುಗಳನ್ನು ಅಸ್ಥಿರಜ್ಜುಗಳು ಬಂಧಿಸುತ್ತವೆ ಎಂಬ ವಾಕ್ಯಕ್ಕೆ ಒಂದು ಅಂಕವನ್ನೂ ಕೊಟ್ಟಿದ್ದೆ. ಆ ಒಂದು ಅಂಕದ ದಾರ ಹರಿದರೆ ಬಾಗಿಲೇ ಕಳಚಿ ಬೀಳುತ್ತದೆಂದು ನನಗೆ ಗೊತ್ತಿರಲಿಲ್ಲ.

ಚಹಾ ತರಿಸಿ, ಡಾಕ್ಟರು ಟವೆಲಿನಿಂದ ಕೈ ಒರೆಸಿಕೊಳ್ಳುತ್ತ ಮೂರು ದಾರಿ ಹೇಳಿದರು. ಒಂದು, ಏನೂ ಮಾಡದೆ ಮೂರು ತಿಂಗಳು ಕಟ್ಟಿಹಾಕುವುದು. ಸಣ್ಣ ನಾಯಿಯಾದರೆ ಎಷ್ಟೋ ಸಲ ಅಷ್ಟರಲ್ಲೇ ಸುಧಾರಿಸುತ್ತದೆ, ಆದರೆ ಬಿಜಲಿ ಇಪ್ಪತ್ತೆರಡು ಕಿಲೋ ತೂಗುತ್ತಿತ್ತು. ಜಾರುವ ಕೀಲು ತಿಕ್ಕಿ ತಿಕ್ಕಿ ಸವೆದು ನೋವು ಕಾಯಂ ಆಗಬಹುದು. ಎರಡನೆಯದು ಹೈದರಾಬಾದು. ಅಲ್ಲಿ ಅವರಿಗೆ ಪಾಠ ಹೇಳಿದ ಪ್ರೊಫೆಸರರೊಬ್ಬರಿದ್ದರು. ನಾಯಿಯ ತೊಡೆಯಿಂದಲೇ ಒಂದು ಪೊರೆಯ ಪಟ್ಟಿ ಸೀಳಿ, ಎಲುಬಿನಲ್ಲಿ ತೂತು ಕೊರೆದು, ಅದರೊಳಗಿಂದ ಎಳೆದು ಹೊಸ ರಜ್ಜುವನ್ನೇ ಮಾಡುತ್ತಾರೆ. ಪುಸ್ತಕದ ಪ್ರಕಾರ ಅದೇ ಮೇಲು. ಮೂರನೆಯದು ಇಲ್ಲೇ, ಅವರ ಕೈಯಲ್ಲೇ ಆಗುವಂಥದು. ಕೀಲಿನ ಒಳಗೆ ಏನನ್ನೂ ಹೊಸದಾಗಿ ಕಟ್ಟದೆ, ಹೊರಗಿನಿಂದ ಮೇಲಿನ ಎಲುಬಿಗೂ ಕೆಳಗಿನ ಎಲುಬಿಗೂ ದಪ್ಪ ನೈಲಾನ್ ದಾರ ಬಿಗಿಯುವುದು.

"ದಾರ ಗಟ್ಟಿ ಇರ್ತದೇನ್ರಿ?" ಎಂದು ಕೇಳಿದೆ.

"ಇಂದಿಲ್ಲ ನಾಳಿ ಹರೀತದ. ಅಷ್ಟರಾಗ ಸುತ್ತಲಿನ ಮಾಂಸ ಗಟ್ಟಿಯಾಗಿ ಮೊಳಕಾಲ ಹಿಡೀಬೇಕು. ಹಿಡೀತದಂತ ನಂಬಿ ಮಾಡೂದು." ಅವರು ಚಹಾದ ಕಪ್ಪು ಕೆಳಗಿಟ್ಟರು. "ಖರೇ ಹೇಳ್ತೇನ್ರಿ, ನಾನು ಎತ್ತು ಎಮ್ಮಿ ಡಾಕ್ಟರ್. ಇದನ್ನ ಕಲಿಯೂ ಮುಂದ ಎರಡ್ ಸಲ ನೋಡೇನಿ, ಕೈ ಹಚ್ಚೇನಿ. ಒಬ್ಬನೇ ಮಾಡಿಲ್ಲ. ನೀವು ಹೈದರಾಬಾದಿಗೆ ಹೋಗ್ತೀನಂದ್ರ ಈಗಿಂದೀಗ ಚಿಟ್ಟಿ ಬರದು ಕೊಡ್ತೇನಿ."

ಚೀಟಿ ಬರೆಸಿಕೊಂಡೆ. ಹೈದರಾಬಾದಿಗೆ ಪತ್ರ ಹಾಕಿದೆ. ಅಣ್ಣನಿಗೂ ಮೂರು ಪುಟದ ಪತ್ರ ಬರೆದೆ. ಬಿಜಲಿಯ ಕಾಲು, ಮೂರು ದಾರಿ, ಒಂದೊಂದರ ಒಳಿತು ಕೆಡುಕು, ಎಲ್ಲವನ್ನೂ ಚಿತ್ರಸಹಿತ ವಿವರಿಸಿ, "ಏನು ಮಾಡಲಿ?" ಎಂದು ಕೇಳಿದೆ. ಹಿಂತಿರುಗಿ ನೋಡಿದರೆ ಆ ಪತ್ರ ನಾಯಿಯ ಬಗ್ಗೆ ಇರಲಿಲ್ಲ ಅನಿಸುತ್ತದೆ. ನನಗೆ ಬೇಕಾಗಿದ್ದದ್ದು ಒಬ್ಬರು ಎದುರು ಕುಳಿತು, "ಹೀಗೆ ಮಾಡೋಣ" ಎನ್ನುವುದು. ಮಾಡು ಎಂದರೂ ಸಾಲದು, ಮಾಡೋಣ ಎನ್ನಬೇಕು.

ಹೈದರಾಬಾದಿನ ಉತ್ತರ ಮೊದಲು ಬಂತು. ಕರೆತನ್ನಿ, ಮಾಡುತ್ತೇವೆ. ನಾಯಿ ಹದಿನೈದು ದಿನ ನಮ್ಮ ವಾರ್ಡಿನಲ್ಲಿ ಇರಬೇಕು, ಜೊತೆಗೆ ಯಾರೂ ಉಳಿಯುವಂತಿಲ್ಲ. ಸಭ್ಯವಾದ, ಸ್ಪಷ್ಟವಾದ ಪತ್ರ. ಅಣ್ಣನ ಉತ್ತರ ಆಮೇಲೆ ಬಂತು. ಮನೆಗೆ ಸುಣ್ಣ ಹೊಡೆಸಿದ್ದು, ಅತ್ತಿಗೆಯ ಹಲ್ಲುನೋವು, ಮಗನ ಗಣಿತದ ಅಂಕಗಳು. ಕೊನೆಯ ಸಾಲಿನಲ್ಲಿ, "ನಾಯಿಯ ವಿಷಯ ನಿನಗೆ ತಿಳಿದಂತೆ ಮಾಡು." ಅದರಲ್ಲಿ ತಪ್ಪೇನಿದೆ, ಹೇಳಿ. ನಾನು ಯಾವ ಕಾಲೇಜಿಗೆ ಹೋಗಬೇಕು, ಯಾವ ಸೀರೆ ಉಡಬೇಕು, ಯಾವ ವರನಿಗೆ ಚಹಾ ಕೊಡಬೇಕು ಎಂಬುದನ್ನೆಲ್ಲ ಬೇರೆಯವರೇ ಗೊತ್ತುಮಾಡಿದ್ದ ಮನೆಯಿಂದ ಮೊದಲ ಬಾರಿಗೆ ನನಗೆ ಸಿಕ್ಕ ಸ್ವಾತಂತ್ರ್ಯ ಅದು. ಆ ಸಾಲನ್ನು ಹಿಡಿದುಕೊಂಡು ಹದಿನಾಲ್ಕು ಮೆಟ್ಟಿಲುಗಳ ತುದಿಯಲ್ಲಿ ಕುಳಿತು ಅತ್ತೆ.

ಈಗ ನಾನು ಹೇಳಬೇಕಾದ ಮಾತು ಸ್ವಲ್ಪ ಕಷ್ಟದ್ದು. ಪರೀಕ್ಷೆಯ ತಿಂಗಳು ಹತ್ತಿರವಿತ್ತು. ನಮ್ಮ ಮುಖ್ಯೋಪಾಧ್ಯಾಯಿನಿ ತಾವಾಗಿಯೇ ಕರೆದು, "ಹೈದರಾಬಾದಿಗೆ ಹೋಗೂದಿದ್ರ ಹೋಗ್ರಿ, ನಿಮ್ಮ ಡ್ಯೂಟಿ ಬೇರೆಯವ್ರಿಗಿ ಹಾಕ್ತೇನಿ" ಎಂದಿದ್ದರು. ಹಾಗಾಗಿ ಅಡ್ಡಿಯೇನೂ ಇರಲಿಲ್ಲ. ಆದರೂ ಡಾಕ್ಟರ್ ರೇವಣಪ್ಪನವರಿಗೆ ನಾನು ಬರೆದದ್ದು ಹೀಗೆ: "ಪರೀಕ್ಷೆಯ ಕೆಲಸದಿಂದ ಬಿಡುವು ಸಿಗುವಂತಿಲ್ಲ. ತಾವೇ ಮಾಡಿರಿ." ಅದು ಸುಳ್ಳು. ಹದಿನೈದು ದಿನ ಬಿಜಲಿ ಅಪರಿಚಿತರ ವಾರ್ಡಿನಲ್ಲಿ ನನ್ನ ದಾರಿ ಕಾಯುತ್ತದೆಂಬ ಸಂಕಟ ಇತ್ತು, ಇಲ್ಲವೆನ್ನುವುದಿಲ್ಲ. ಆದರೆ ಅದಕ್ಕಿಂತ ದೊಡ್ಡ ಹೆದರಿಕೆ ನನ್ನದೇ ಇತ್ತು. ಶಾಲೆ ಬಿಟ್ಟು ಬಂದು, ಮೆಟ್ಟಿಲು ಹತ್ತಿ, ಬೀಗ ತೆಗೆದಾಗ ಆ ಕೋಣೆಯಲ್ಲಿ ಯಾರೂ ಇಲ್ಲದ ಹದಿನೈದು ಸಂಜೆಗಳು. ಅವನ್ನು ಮನಸ್ಸಿನಲ್ಲೇ ಒಂದೊಂದಾಗಿ ದಾಟಿ ನೋಡಿದೆ. ನಾಲ್ಕನೆಯದರ ಆಚೆಗೆ ಹೋಗಲಾಗಲಿಲ್ಲ.

ಡಾಕ್ಟರ ಉತ್ತರ ಕಾರ್ಡಿನಲ್ಲಿ ಬಂತು. ಬರುವ ಭಾನುವಾರ ಬನ್ನಿ. ಎರಡು ಸಾಮಾನು ಬೇಕು. ಬಡಿಗರ ಗಿರಮಿಟ್ ನಾನು ಗೊತ್ತುಮಾಡಿದ್ದೇನೆ, ದಪ್ಪನೆಯ ನೈಲಾನ್ ದಾರ ನೀವು ತನ್ನಿ, ಕೆರೆಯ ಮೀನಿನವರ ಹತ್ತಿರ ಸಿಗುತ್ತದೆ. ಧಾರವಾಡದವಳಿಗೆ ಗಿರಮಿಟ್ ಎಂದರೆ ಚುರುಮುರಿಯ ತಿಂಡಿ. ಕಾರ್ಡು ಓದಿ, ಶಸ್ತ್ರಚಿಕಿತ್ಸೆಗೆ ಉಪವಾಸ ಇರಬೇಕಲ್ಲವೇ, ಗಿರಮಿಟ್ ಯಾಕೆ ಎಂದು ಅರ್ಧ ದಿನ ಯೋಚಿಸಿದೆ. ಅದು ಕಟ್ಟಿಗೆಗೆ ತೂತು ಕೊರೆಯುವ ಕೈಸಾಧನವೆಂದೂ ಇಲ್ಲಿ ಬಿಜಲಿಯ ಎಲುಬನ್ನು ಕೊರೆಯುತ್ತದೆಂದೂ ಹೊಳೆದಾಗ ನಗು ಬರಲಿಲ್ಲ.

ಕೆರೆಯ ಬಳಿಯ ಅಂಗಡಿಯಲ್ಲಿ ಇರುವುದರಲ್ಲೇ ಗಟ್ಟಿಯಾದ ದಾರ ಕೊಡಿ ಎಂದೆ. ಅಂಗಡಿಯಾತ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಎಷ್ಟು ಕಿಲೋ ಮೀನರೀ?" ಎಂದ. "ಇಪ್ಪತ್ತೆರಡು" ಎಂದೆ. ಅವನು ಎದ್ದು ನಿಂತು ದಾರ ಕತ್ತರಿಸಿಕೊಟ್ಟ.

ಆ ಭಾನುವಾರ ದವಾಖಾನೆಯಲ್ಲಿ ಡಾಕ್ಟರು, ನಾನು, ಬಿಜಲಿ ಮೂವರೇ. ಕಂಪೌಂಡರ್ ಊರಿಗೆ ಹೋಗಿದ್ದ. ಹಿತ್ತಾಳೆಯ ಪಾತ್ರೆಯಲ್ಲಿ ಕತ್ತರಿ, ಚಿಮಟ, ಗಿರಮಿಟ್ಟಿನ ಮೊನೆ, ಆ ದಾರ ಎಲ್ಲವೂ ಕುದಿಯುತ್ತಿದ್ದವು. ಇಂಜೆಕ್ಷನ್ ಕೊಟ್ಟ ಮೇಲೆ ಬಿಜಲಿಯ ಕಣ್ಣು ನನ್ನ ಮೇಲೆಯೇ ಇದ್ದು, ಹಾಗೆಯೇ ಮಂಕಾಯಿತು. ನಾನು ಹೊರಗೆ ಹೋಗಬೇಕೆಂದು ತಿರುಗಿದೆ.

"ಎಲ್ಲಿ ಹೊಂಟ್ರಿ? ಸೈನ್ಸ್ ಟೀಚರ್ ಅದೀರಿ. ಕೈ ತೊಳ್ಕೊಂಡು ಬರ್ರಿ, ಕಾಲ ಹಿಡೀರಿ."

ಹಿಡಿದೆ. ಒಂದೂವರೆ ಗಂಟೆ. ಡಾಕ್ಟರು ಮೊದಲಿಗೆ ಒಂದೊಂದು ಹೆಜ್ಜೆಯನ್ನೂ ತಮ್ಮಷ್ಟಕ್ಕೆ ಹೇಳಿಕೊಳ್ಳುತ್ತಿದ್ದರು, ಚರ್ಮ ಬಿಡಿಸಿದ ಮೇಲೆ ಅದೂ ನಿಂತಿತು. ಬಿಳಿಯ ಹೊಳೆಯುವ ಕೀಲನ್ನು ನಾನು ಕಂಡೆ. ಅದರೊಳಗೆ ಹರಿದ ರಜ್ಜುವಿನ ತುದಿ ಹಿಂಜಿದ ಅರಳೆಯಂತಿತ್ತು. ಗಿರಮಿಟ್ ಎಲುಬಿನೊಳಗೆ ತಿರುಗುವ ಸದ್ದು ನನ್ನ ಹಲ್ಲುಗಳಿಗೆ ಕೇಳಿಸಿತು. ದಾರ ಬಿಗಿದು ಗಂಟು ಹಾಕುವಾಗ ಅವರು, "ಬಾಯೋರೆ, ಕಾಲ ನಿಂತ ನಾಯಿದು ಇರ್ತದಲ್ಲ, ಹಂಗ ಬಗ್ಗಿಸಿ ಹಿಡೀರಿ" ಎಂದರು. ಬಿಜಲಿ ಕೆರೆಯ ದಂಡೆಯ ಮೇಲೆ ಹೇಗೆ ನಿಲ್ಲುತ್ತಿತ್ತು ಎಂದು ನೆನೆಸಿಕೊಂಡೆ. ಆ ನೆನಪಿನ ಅಳತೆಗೆ ಕಾಲನ್ನು ಬಗ್ಗಿಸಿ ಹಿಡಿದೆ. ಅವರು ಗಂಟು ಎಳೆದರು. ಆಮೇಲೆ ಮೊದಲಿನ ಹಾಗೆ ಎಲುಬನ್ನು ತಳ್ಳಿ ನೋಡಿದರು. ಜಾರಲಿಲ್ಲ. ಇಬ್ಬರೂ ಒಬ್ಬರನ್ನೊಬ್ಬರು ನೋಡಿದೆವು.

ಬಸವಕಲ್ಯಾಣಕ್ಕೆ ಹೊರಟಿದ್ದ ಕಡಲೆಯ ಲಾರಿಯೊಂದರ ಡ್ರೈವರ್ ಪಕ್ಕದಲ್ಲಿ ಬಿಜಲಿಯನ್ನು ತೊಡೆಯ ಮೇಲೆ ಹಾಕಿಕೊಂಡು ಮರಳಿದೆ. ಮನೆ ಮುಟ್ಟಿದಾಗ ಇನ್ನೂ ಬಿಸಿಲಿತ್ತು. ಹದಿನಾಲ್ಕು ಮೆಟ್ಟಿಲನ್ನು ಹೇಗೆ ಹತ್ತಿಸಲಿ ಎಂದು ನಿಂತಿದ್ದಾಗ ಖಾಲಾ ಬಾಗಿಲು ತೆರೆದರು. ಬಾಗಿಲಿನ ಒಳಗೆ, ಅಂಗಳಕ್ಕೆ ಹೋಗುವ ಓಣಿಯಂಥ ಜಾಗದಲ್ಲಿ ಮರಳು ಹರಡಿ, ಮೇಲೆ ಹಳೆಯ ಕೌದಿ ಹಾಸಿದ್ದರು.

"ಖಾಲಾ, ಹೊಸ್ತಿಲಾ...?"

"ಹಿತ್ತಲ ಬಾಗಲಾ ತಗದಿಟ್ಟೇನಿ. ಫರಿಶ್ತೆ ಆ ಕಡಿಂದ ಬರ್ತಾರ" ಎಂದರು. ಆಮೇಲೆ ನನ್ನ ಮುಖ ನೋಡಿ, "ನೀ ಏನರೆ ತಿಂದೀ ಬೇಟಿ?" ಎಂದು ಕೇಳಿದರು. ಆ ಊರಿನಲ್ಲಿ ನಾಲ್ಕು ವರ್ಷದಲ್ಲಿ ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ. ಅಥವಾ ಕೇಳುವಷ್ಟು ಹತ್ತಿರ ನಾನೇ ಯಾರನ್ನೂ ಬಿಟ್ಟುಕೊಂಡಿರಲಿಲ್ಲ.

ಆರು ವಾರ ಬಿಜಲಿಯನ್ನು ಮೊಳದುದ್ದದ ಹಗ್ಗದಲ್ಲಿ ಕಟ್ಟಿಡಬೇಕಿತ್ತು. ಓಡಬಾರದು, ಹಾರಬಾರದು. ಮಿಂಚು ಎಂಬ ಹೆಸರಿನ ನಾಯಿಗೆ ಅದನ್ನು ಹೇಗೆ ತಿಳಿಹೇಳುತ್ತೀರಿ? ಮೊದಲ ದಿನಗಳಲ್ಲಿ ನನ್ನತ್ತ ನೋಡಿ ಹಗ್ಗ ಕಚ್ಚುತ್ತಿತ್ತು. ಆಮೇಲೆ ನನ್ನತ್ತ ನೋಡುವುದನ್ನೇ ಬಿಟ್ಟಿತು. ಅದು ಹೆಚ್ಚು ನೋಯಿಸಿತು. ಶಾಲೆಯಿಂದ ಬಂದು ಉತ್ತರ ಪತ್ರಿಕೆಗಳನ್ನು ಅಲ್ಲೇ ಕುಳಿತು ತಿದ್ದುತ್ತಿದ್ದೆ. ಖಾಲಾ ಆಚೆ ಬದಿಗೆ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದರು. ಮಾತು ಕಡಿಮೆಯೇ. ಎಂಟನೆಯ ವಾರ ಬಿಜಲಿ ನಾಲ್ಕೂ ಕಾಲೂರಿ ಹೊಸ್ತಿಲು ದಾಟಿ ಓಣಿಗೆ ಹೋಗಿ ಬಂತು. ಖಾಲಾ ಎದ್ದು ಹೋಗಿ ಬೆಲ್ಲ ತಂದು ಮೂವರಿಗೂ ಹಂಚಿದರು.

ನಾಲ್ಕನೆಯ ತಿಂಗಳಲ್ಲಿ, ಒಂದು ಸಂಜೆ, ಮೆಟ್ಟಿಲು ಇಳಿಯುವಾಗ ಬಿಜಲಿ ಕೀರಲಿಟ್ಟು ಕಾಲೆತ್ತಿಕೊಂಡಿತು. ಓಡಿಹೋಗಿ ಅದನ್ನು ಎತ್ತಿಕೊಂಡೆ. ದಾರ ಹರಿದಿದೆ. ಹೈದರಾಬಾದಿಗೆ ಒಯ್ದಿದ್ದರೆ ಹರಿಯುತ್ತಿರಲಿಲ್ಲ. ನನ್ನ ಹದಿನೈದು ಸಂಜೆಗಳ ಸಲುವಾಗಿ ಅದರ ಕಾಲನ್ನು ನಾನು ಕೊಟ್ಟುಬಿಟ್ಟೆ. ಮರುದಿನವೇ ಹುಮನಾಬಾದಿಗೆ ಹೋದೆ. ಡಾಕ್ಟರು ಮೊಣಕಾಲನ್ನು ಒತ್ತಿ, ತಳ್ಳಿ, ಮತ್ತೆ ತಳ್ಳಿ ನೋಡಿದರು.

"ದಾರ ಹರದದ ಬಾಯೋರೆ. ಖರೇ ಮೊಳಕಾಲ ಹಿಡದದ. ನೋಡ್ರಿ, ಜಾರೂದಿಲ್ಲ. ಎರಡ್ ದಿನ ಬಿಡ್ರಿ, ಕಾಲ ಊರ್ತದ."

ನನಗೆ ತಡೆಯಲಾಗಲಿಲ್ಲ. ಪರೀಕ್ಷೆ ಸುಳ್ಳು, ರಜೆ ಸಿಕ್ಕಿತ್ತು, ಒಬ್ಬಳೇ ಇರಲಾರದೆ ನಿಮ್ಮ ಹತ್ತಿರ ತಂದೆ ಎಂದು ಒಂದೇ ಉಸಿರಿನಲ್ಲಿ ಹೇಳಿಬಿಟ್ಟೆ. ನಲವತ್ತು ಹತ್ತಿರವಾದ ಶಿಕ್ಷಕಿ, ಮನೆಗೆಲಸ ಮಾಡದ ವಿದ್ಯಾರ್ಥಿನಿಯಂತೆ ತಲೆ ತಗ್ಗಿಸಿ ನಿಂತಿದ್ದೆ. ಡಾಕ್ಟರು ಬಿಜಲಿಯ ಕಿವಿ ಸವರಿದರು.

"ಅದು ನನಗ ಗೊತ್ತಿತ್ರಿ" ಎಂದರು. "ನಿಮ್ಮ ಕಾರ್ಡ್ ಬಂದ ವಾರನೇ ನಿಮ್ಮ ಮುಖ್ಯೋಪಾಧ್ಯಾಯಿನಿ ಇಲ್ಲಿ ತಮ್ಮ ತವರುಮನಿ ಎಮ್ಮಿ ತಗೊಂಡು ಬಂದಿದ್ರು, ಅವರೇ ಹೇಳಿದ್ರು. ನೀವು ಹೈದರಾಬಾದಿಗೇ ಹೋಗ್ರಿ ಅಂತ ನಾ ಜೋರ್ ಮಾಡಬೇಕಿತ್ತು. ಮಾಡಲಿಲ್ಲ. ಯಾಕ ಗೊತ್ತದೇನ್ರಿ? ಹದಿನಾರು ವರ್ಷ ಆತು, ಈ ಊರಾಗ ಸೂಜಿ ಚುಚ್ಚಾಕತ್ತೇನಿ, ಬಾವು ಕೊಯ್ಯಾಕತ್ತೇನಿ. ಕಲತದ್ದು ಒಂದಾರೆ ಕೈಲೆ ಮಾಡಿ ನೋಡಬೇಕಂತ ಆಸೆ ಇತ್ತು. ನಿಮ್ಮ ಕಾರ್ಡ್ ಬಂದಾಗ ನನಗ ಖುಷಿ ಆತು. ನಾಯಿ ಸಲುವಾಗಿ ಅಲ್ಲ, ನನ್ನ ಸಲುವಾಗಿ."

ನಾನು ತಲೆಯೆತ್ತಿ ನೋಡಿದೆ. ಅವರ ಕಣ್ಣು ಒದ್ದೆಯಾಗಿತ್ತು, ತುಟಿಯಲ್ಲಿ ಮಾತ್ರ ನಗು. ನನಗೂ ನಗು ಬಂತು. ಎಮ್ಮೆ ಕಟ್ಟಲು ಬಂದಿದ್ದ ರೈತನೊಬ್ಬ ನಮ್ಮಿಬ್ಬರನ್ನೂ ವಿಚಿತ್ರವಾಗಿ ನೋಡಿದ. ಬಿಜಲಿ ಮೂರು ಕಾಲಿನ ಮೇಲೆ ನಿಂತು ಬಾಲ ಅಲ್ಲಾಡಿಸಿತು. ಅದಕ್ಕೆ ನಮ್ಮ ಪಾಪಗಳಾವುವೂ ಗೊತ್ತಿರಲಿಲ್ಲ.

ಎರಡು ದಿನಕ್ಕೆ ಅದು ಕಾಲೂರಿತು. ಮೊಲದ ಹಿಂದೆ ಮತ್ತೆ ಓಡಲಿಲ್ಲ, ಆದರೆ ಕೆರೆಯ ದಂಡೆಗುಂಟ ನಡೆಯಿತು. ಎರಡು ವರ್ಷದ ಮೇಲೆ ಎಡಗಾಲಿನ ಮೊಣಕಾಲೂ ಹೋಯಿತು. ಒಂದು ಹರಿದರೆ ಇನ್ನೊಂದು ಹರಿಯುವುದು ಹೆಚ್ಚು ಎಂದು ಡಾಕ್ಟರು ಮೊದಲೇ ಎಚ್ಚರಿಸಿದ್ದರು. ಆಗ ಅದಕ್ಕೆ ವಯಸ್ಸಾಗಿತ್ತು. ಈ ಸಲ ಕೊಯ್ಯುವುದು ಬೇಡ, ಕಟ್ಟಿಹಾಕಿ ನೋಡೋಣ ಎಂದೆ. ಅವರೂ ಹೂಂ ಎಂದರು. ಆ ಕಾಲು ಕೊನೆಯವರೆಗೂ ತುಸು ಕುಂಟಿತು. ಕೊಯ್ದಿದ್ದರೆ ಕುಂಟುತ್ತಿರಲಿಲ್ಲವೋ, ಹೈದರಾಬಾದಿಗೆ ಒಯ್ದಿದ್ದರೆ ಎರಡೂ ಚೆನ್ನಾಗಿರುತ್ತಿದ್ದವೋ, ನಾನು ಇಂದಿಗೂ ಅರಿಯೆ. ಬಿಜಲಿ ಹನ್ನೊಂದು ತುಂಬಿದ ಮೇಲೆ ಒಂದು ಮಧ್ಯಾಹ್ನ, ಖಾಲಾರ ಅಂಗಳದ ಬೇವಿನ ನೆರಳಿನಲ್ಲಿ, ನಿದ್ದೆಯಲ್ಲೇ ಹೋಯಿತು. ಹಿತ್ತಲಿನಲ್ಲಿ ಹೂಳಲು ಖಾಲಾರೇ ಜಾಗ ತೋರಿಸಿದರು. ಮುಂದಿನ ವರ್ಷ ನನಗೆ ಧಾರವಾಡದ ಕಡೆಗೆ ವರ್ಗವಾಯಿತು. ಒಂದೆರಡು ಪತ್ರ, ಒಂದು ಈದ್ ಕಾರ್ಡು, ಆಮೇಲೆ ಅದೂ ನಿಂತಿತು. ನಿಲ್ಲಿಸಿದವಳು ನಾನೇ.

ಇಷ್ಟು ಬರೆಯುವ ಹೊತ್ತಿಗೆ ಇವತ್ತಿನ ಬಿಸಿಲು ಕಿಟಕಿಯಿಂದ ಇಳಿದುಹೋಗಿದೆ. ಬೆಳಿಗ್ಗೆ ಹಾಲಿನ ಚೀಲ ತರಲು ಹೋದಾಗ ಮೇಲಿನ ಮನೆಯ ಸರೋಜಾಬಾಯಿ ಮೆಟ್ಟಿಲಿನಲ್ಲಿ ಸಿಕ್ಕಿದ್ದರು. ಬ್ಯಾಂಕಿನಿಂದ ನಿವೃತ್ತರಾದವರು, ಒಬ್ಬರೇ ಇರುತ್ತಾರೆ. ಕಣ್ಣಿನ ಪೊರೆ ತೆಗೆಸಬೇಕಂತೆ, ಇಲ್ಲೇ ಮಾಡಿಸಲೋ ಹುಬ್ಬಳ್ಳಿಗೆ ಹೋಗಲೋ ಎಂದು ಕೇಳಿದರು. ಎರಡೂ ಕಡೆ ಒಳ್ಳೆಯ ಡಾಕ್ಟರಿದ್ದಾರೆ, ವಿಚಾರ ಮಾಡಿ ನೋಡಿ ಎಂದು ನಾನು ಬಾಗಿಲು ಮುಚ್ಚಿಕೊಂಡಿದ್ದೆ. ಅವರು ಕೇಳಿದ್ದು ಅದಲ್ಲವೆಂದು ಈಗ ಅನಿಸುತ್ತಿದೆ.

ಪೆನ್ನು ಮುಚ್ಚಿ ಚಪ್ಪಲಿ ಮೆಟ್ಟಿಕೊಂಡೆ. ಅವರ ಸಲುವಾಗಿ ಹೋಗುತ್ತಿದ್ದೇನೋ ನನ್ನ ಸಲುವಾಗಿಯೋ ಎಂದು ಮೆಟ್ಟಿಲಿನ ನಡುವೆ ಒಮ್ಮೆ ಕೇಳಿಕೊಂಡು, ಉತ್ತರಕ್ಕೆ ಕಾಯದೆ ಹತ್ತಿದೆ. ಸರೋಜಾಬಾಯಿ ಬಾಗಿಲು ತೆರೆದರು. ಅವರು ಮೇಲಿನ ಮನೆಗೆ ಬಂದ ಎರಡು ವರ್ಷದಲ್ಲಿ ನಾನು ಮೊದಲ ಸಲ ಅವರ ಬಾಗಿಲು ತಟ್ಟಿದ್ದೆ.

"ಕೂತು ಮಾತಾಡೋಣೇನ್ರಿ?" ಎಂದೆ.

ಅವರು ಒಳಗೆ ಹೋಗಿ ಇನ್ನೊಂದು ಕುರ್ಚಿ ತಂದರು.